ಅರ್ಧ ಬಕೆಟ್ಟು ಸಗಣಿ ನೀರು

ಸಗಣಿ ನೀರು ಕಲಸುವ ಕೆಲಸ ನನ್ನದು. ನಮ್ಮೂರ ಮಹಿಳಾ ಸಂಘಕ್ಕೆ ಅಧ್ಯಕ್ಷೆ ಇದ್ದಾರೆ, ಕಾರ್ಯದರ್ಶಿ ಇದ್ದಾರೆ, ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಹೇಳುವವರೂ ಇದ್ದಾರೆ. ಕುಡಿದು ಸಿಕ್ಕಿಬಿದ್ದವರ ತಲೆ ಮೇಲೆ ಎಲ್ಲರೆದುರು ಸಗಣಿ ನೀರು ಹುಯ್ಯಬೇಕು ಅಂತ ಸಂಘದ ಕಟ್ಟಳೆ. ಕಟ್ಟಳೆ ಮಾಡಿದವರು ಅವರು. ಹುಯ್ಯುವವಳು ಕೇರಿಯ ಸೋಮಮ್ಮ, ಅಂದರೆ ನಾನು.

ಇದು ಹೇಸಿಗೆಯ ಕೆಲಸ ಅಂತ ನನಗೆ ಅನ್ನಿಸಿರಲಿಲ್ಲ. ಕುಡಿತ ಅಂದರೆ ನನಗೆ ಅಷ್ಟು ಉರಿ. ನನ್ನ ಗಂಡ ಲಿಂಗಯ್ಯ ಕುಡಿದೇ ಸತ್ತ. ಸಾಯುವ ಮುಂಚೆ ನನ್ನ ಕಾಲುಂಗುರ ಕುಡಿದ, ಎರಡು ಮೇಕೆ ಕುಡಿದ, ಮಗಳು ಪವಿತ್ರಾಳ ಓದನ್ನೂ ಕುಡಿದ. ಅವನ ವಾಂತಿಯನ್ನು ಕೈಯಲ್ಲಿ ಬಳಿದಿದ್ದೇನೆ. ಅವನು ಉಚ್ಚೆ ಹುಯ್ದುಕೊಂಡ ಚಾಪೆಯನ್ನು ಕೆರೆಗೆ ಒಯ್ದು ಒಗೆದಿದ್ದೇನೆ. ಮಗ್ಗುಲಲ್ಲಿ ಮಲಗಿದವನ ಬಾಯಿ ನಾತ ಕುಡಿದುಕೊಂಡೇ ಹದಿನೈದು ವರ್ಷ ಉಸಿರಾಡಿದ್ದೇನೆ. ಕುಡಿದವನನ್ನು ಕಂಡರೆ ಇವತ್ತಿಗೂ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಕುಡುಕರ ಪರ ಅನ್ನಬಾರದು.

ಸಂಘ ಶುರುವಾದಾಗ ಸುನಂದಮ್ಮ ನಮ್ಮ ಕೇರಿಗೆ ಬಂದರು. ಅವರೇ ಸಂಘದ ಅಧ್ಯಕ್ಷೆ, ಕಂಠಪ್ಪನವರ ಹೆಂಡತಿ. ಹನಗೋಡಿನಿಂದ ಕಾಡಿನ ಕಡೆಗೆ ಹೊರಟರೆ ನಮ್ಮೂರಿನ ಎಡಬಲಕ್ಕೆ ಕಾಣುವ ಹೊಗೆಸೊಪ್ಪಿನ ಹೊಲಗಳಲ್ಲಿ ಮುಕ್ಕಾಲು ಪಾಲು ಅವರ ಮನೆಯವು. ಆ ಮನೆಯ ಹೆಂಗಸು ಕೇರಿಗೆ ಕಾಲಿಟ್ಟಿದ್ದು ಅದೇ ಮೊದಲು. ನಾವೆಲ್ಲ ಅಕ್ಕತಂಗಿಯರು, ಇನ್ನು ಮೇಲೆ ನನ್ನನ್ನು ಅವ್ವೋರೆ ಅನ್ನಬೇಡಿ, ಅಕ್ಕ ಅನ್ನಿ ಅಂದರು. ಕದ್ದು ಸಾರಾಯಿ ಪಾಕೆಟ್ಟು ಮಾರುತ್ತಿದ್ದ ಅಂಗಡಿಗೆ ಎಲ್ಲರೂ ನುಗ್ಗಿದೆವು. ಪಾಕೆಟ್ಟುಗಳನ್ನು ರಸ್ತೆಗೆ ಸುರಿದು ತುಳಿದೆವು. ನಾನು ತುಳಿದಷ್ಟು ಯಾರೂ ತುಳಿಯಲಿಲ್ಲ. ಮುಂದಿನ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಸೋಮಮ್ಮನಂಥ ನಿಯತ್ತಿನ ಹೆಂಗಸು ತಾಲ್ಲೂಕಿನಲ್ಲೇ ಇಲ್ಲ ಅಂದರು. ನಾನು ಹಿಗ್ಗಿದೆ. ಬಕೆಟ್ಟನ್ನು ನನ್ನ ಕೈಗೆ ಕೊಟ್ಟಿದ್ದು ಕೂಡ ಅವತ್ತೇ.

ಅಕ್ಕ ಅನ್ನುವುದು ಸಭೆಯಲ್ಲಿ ಮಾತ್ರ. ಹೊಲಕ್ಕೆ ಬಂದರೆ ಮತ್ತೆ ಅವ್ವೋರೆ. ಕೂಲಿಯವರಿಗೆ ಟೀ ಹುಯ್ಯುವುದಕ್ಕೆ ಮೊದಲು ತೆಂಗಿನ ಚಿಪ್ಪು ಇಟ್ಟಿದ್ದರು, ಈಗ ಪೇಪರ್ ಲೋಟ ಬಂದಿದೆ. ಕೇರಿಯವರಿಗೆ, ಕಾಡಿನ ಗಿರಿಜನ ಹಾಡಿಯವರಿಗೆ ಪೇಪರ್ ಲೋಟ. ಮಿಕ್ಕವರಿಗೆ ಸ್ಟೀಲ್ ಲೋಟ. ಯಾಕೆ ಅಂತ ಕೇಳಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಾರೆ. ಥೂ, ಅವರ ಆರೋಗ್ಯದ ಬಾಯಿಗಿಷ್ಟು.

ಈ ಸಲ ಆಷಾಢದಲ್ಲಿ ಸೋನೆ ಹಿಡಿದು ಬಿಡಲೇ ಇಲ್ಲ. ಗಿಡದ ಬುಡದ ಸೊಪ್ಪು ಹಣ್ಣಾಗಿ ಕೂತಿತ್ತು. ಮುರಿದು, ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸದಿದ್ದರೆ ಗಿಡದಲ್ಲೇ ಕೊಳೆಯುತ್ತದೆ. ಮಳೆ ನಿಲ್ಲಲಿ ಅಂತ ಕಾಯಲು ಕಂಠಪ್ಪನವರು ತಯಾರಿರಲಿಲ್ಲ. ಕೇರಿಯವರು ಸಾಲದೆ ಕಾಡಂಚಿನ ಹಾಡಿಗೆ ಜೀಪು ಕಳಿಸಿ ಹೆಂಗಸರನ್ನು ತುಂಬಿಸಿಕೊಂಡು ಬಂದರು. ಅವರಲ್ಲಿ ಮುತ್ತಿ ಒಬ್ಬಳು.

ಮುತ್ತಿ ಎರಡು ಮಕ್ಕಳ ತಾಯಿ. ಮೈಯಲ್ಲಿ ಹಿಡಿ ಮಾಂಸವಿಲ್ಲ. ಗಂಡ ಗುಂಡ ಕೊಡಗಿನ ಕಾಫಿ ತೋಟಕ್ಕೆ ಹೋದವನು ಗೌರಿ ಹಬ್ಬಕ್ಕೇ ಬರುವುದು. ಅವಳು ಶುಂಠಿ ಹೊಲದಲ್ಲಿ ಕಳೆ ಕಿತ್ತವಳು, ಹೊಗೆಸೊಪ್ಪಿಗೆ ಹೊಸಬಳು. ಸೊಪ್ಪು ಹೇಗೆ ಮುರಿಯಬೇಕು ಅಂತ ನಾನೇ ತೋರಿಸಿಕೊಟ್ಟೆ. ನಡು ಬಗ್ಗಿಸಿ ಬುಡಕ್ಕೆ ಕೈ ಹಾಕಬೇಕು. ಮುರಿದ ಸೊಪ್ಪನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತ ಹೋಗಬೇಕು. ಕಂಕುಳು ತುಂಬಿದ ಮೇಲೆ ಎದೆಗೆ ಅವುಚಿಕೊಂಡು ಬದುವಿನ ತನಕ ಹೊರಬೇಕು. ಸೊಪ್ಪಿನ ಅಂಟು ಕೈಗೆ ಹತ್ತಿ ಕರ್ರಗಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆ ಕಹಿ. ಮಗುವಿನ ಬಾಯಿ ಒರೆಸಿದರೆ ಮಗು ಉಗುಳುತ್ತದೆ.

ಮಳೆಯಲ್ಲಿ ನೆನೆದ ಸೊಪ್ಪು ಇನ್ನೂ ಕೆಟ್ಟದು. ಹಸಿ ಸೊಪ್ಪನ್ನು ಅಪ್ಪಿಕೊಂಡು ಓಡಾಡಿದರೆ ಅದರ ನಂಜು ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆ ಗಿರ್ರನೆ ತಿರುಗುತ್ತದೆ. ಕರುಳು ಕಿತ್ತು ಬಾಯಿಗೆ ಬರುವ ಹಾಗೆ ವಾಂತಿಯಾಗುತ್ತದೆ. ಇದೇನು ಗುಟ್ಟಲ್ಲ. ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಗೊತ್ತು. ಕಂಠಪ್ಪನವರಿಗೆ ಚೆನ್ನಾಗಿಯೇ ಗೊತ್ತು. ಒಮ್ಮೆ ಯಾರೋ ಬಂದು ಕೂಲಿಯವರಿಗೆ ಅಂತ ಕೈಗವಸು, ಪ್ಲಾಸ್ಟಿಕ್ಕಿನ ಏಪ್ರನ್ನು ಕೊಟ್ಟು ಹೋಗಿದ್ದರು. ನಮಗೆ ತೊಡಿಸಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಫೋಟೊ ತೆಗೆದವರ ಕಾರು ತಿರುವು ದಾಟಿದ ಮೇಲೆ ಕಂಠಪ್ಪನವರು ಎಲ್ಲವನ್ನೂ ಬಿಚ್ಚಿಸಿಕೊಂಡು ಅಟ್ಟಕ್ಕೆ ಹಾಕಿದರು. ಹರಿದುಹೋಗುತ್ತವಂತೆ.

ಅವತ್ತು ಬೆಳಿಗ್ಗೆಯಿಂದ ಮುತ್ತಿ ಏನೂ ತಿಂದಿರಲಿಲ್ಲ. ಹಾಡಿಯಿಂದ ಬರುವಾಗ ಒಲೆ ಹತ್ತಿರಲಿಲ್ಲವಂತೆ, ಸೌದೆ ಎಲ್ಲ ನೆನೆದಿತ್ತಂತೆ. ಸೀರೆಯ ಮೇಲೆ ಗೋಣಿ ಹೊದ್ದುಕೊಂಡು ಮುರಿಯುತ್ತಿದ್ದಳು. ಗೋಣಿಯೂ ನೆನೆದಿತ್ತು. ಹತ್ತು ಗಂಟೆ ಹೊತ್ತಿಗೆ ಮೋಡ ಸರಿದು ಬಿಸಿಲು ಚುರುಕ್ಕೆಂದಿತು. ಸಾಲಿನಲ್ಲಿ ನನ್ನ ಮುಂದಿದ್ದವಳು ಒಂದು ಕಡೆಗೆ ವಾಲಿದಳು, ಮತ್ತೆ ನೆಟ್ಟಗಾದಳು, ಮತ್ತೆ ವಾಲಿದಳು. ಕೈಯಲ್ಲಿದ್ದ ಸೊಪ್ಪು ಕೆಸರಿಗೆ ಬಿತ್ತು. ಅದರ ಮೇಲೆ ಅವಳು ಬಿದ್ದಳು.

ನನ್ನ ಬುದ್ಧಿ ನೋಡಿ. ಮೊದಲು ನನಗೆ ಬಂದದ್ದು ಮರುಕವಲ್ಲ, ಅಸಹ್ಯ. ಲಿಂಗಯ್ಯ ಹೀಗೆಯೇ ವಾಲುತ್ತಿದ್ದ. ಥತ್, ಹೆಂಗಸಾಗಿ ಬೆಳಬೆಳಿಗ್ಗೆಯೇ ಕುಡಿದು ಬಂದಿದ್ದಾಳಲ್ಲ ಅಂತ ಮನಸ್ಸು ಥಟ್ಟನೆ ತೀರ್ಪು ಕೊಟ್ಟುಬಿಟ್ಟಿತು. ಆದರೂ ಹತ್ತಿರ ನಾನೇ ಇದ್ದದ್ದು. ಹೋಗಿ ಎತ್ತಿದೆ. ಅವಳ ತಲೆ ನನ್ನ ಭುಜದ ಮೇಲೆ ಬಿತ್ತು. ಮೈ ಐಸಿನಂತೆ ತಣ್ಣಗಿತ್ತು, ಅದರ ಮೇಲೆ ಬೆವರು. ನನ್ನ ಎದೆ ಮೇಲೆಯೇ ವಾಂತಿ ಮಾಡಿದಳು. ಬರೀ ಹಳದಿ ನೀರು. ಅವಳ ಬಾಯಿ ನನ್ನ ಮೂಗಿನ ಕೆಳಗೇ ಇತ್ತು. ಹುಳಿ ನಾತ ಬಂತು, ಹಸಿ ಸೊಪ್ಪಿನ ಘಾಟು ಬಂತು, ಒಲೆ ಹೊಗೆಯ ವಾಸನೆ ಬಂತು. ಹೆಂಡದ ನಾತ ಬರಲಿಲ್ಲ. ಮತ್ತೆ ಮೂಸಿದೆ. ಬರಲಿಲ್ಲ. ಆ ನಾತವನ್ನು ಗುರುತು ಹಿಡಿಯಲು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಗಳಿಗೆಯ ಹಿಂದೆ ಕೊಟ್ಟಿದ್ದ ತೀರ್ಪನ್ನು ನಾನು ಉಗುಳಿದೆ.

ಬದುವಿನ ಮೇಲೆ ಶಿವಕುಮಾರ ನಿಂತಿದ್ದ. ಕಂಠಪ್ಪನವರ ತಮ್ಮ. ಸೊಪ್ಪು ಎಣಿಸಿ ಹೊರೆ ಕಟ್ಟಿಸುವುದು ಅವನ ಕೆಲಸ. ಹೊಲಕ್ಕೆ ಇಳಿಯದೆ ಅಲ್ಲಿಂದಲೇ ನಕ್ಕ. ಹಾಡಿಯವಳಿಗೆ ಬೆಳಿಗ್ಗೇನೇ ಎಣ್ಣೆ ಏರಿದೆ ಅಂದ. ಅವನ ಕಣ್ಣು ಇನ್ನೂ ರಾತ್ರಿ ಕುಡಿದ ಕೆಂಪಿನಲ್ಲೇ ಇತ್ತು. ಇಲ್ಲ ಅಣ್ಣೋರೆ, ಸೊಪ್ಪಿನ ನಂಜು, ಆಸ್ಪತ್ರೆಗೆ ಒಯ್ಯಬೇಕು ಅಂದೆ. ಅವನು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. ಅತ್ತಿಗೆಗೆ ಹೇಳುತ್ತಿದ್ದ.

ನಾನೂ ಇನ್ನೊಬ್ಬಳೂ ಸೇರಿ ಮುತ್ತಿಯನ್ನು ಹೊತ್ತುಕೊಂಡು ಬ್ಯಾರನ್ನಿನ ಮುಂದಿನ ಅಂಗಳಕ್ಕೆ ತಂದೆವು. ಅಂಗಳದ ಒಂದು ಕಡೆ ಬ್ಯಾರನ್ನು, ಎದುರಿಗೆ ಕಂಠಪ್ಪನವರ ಮನೆ, ಜಗಲಿ. ಜೀಪು ಅಲ್ಲೇ ನಿಂತಿತ್ತು. ಅದರಲ್ಲಿ ಹಾಕಿಕೊಂಡು ಹೊರಟಿದ್ದರೆ ಹುಣಸೂರಿನ ಆಸ್ಪತ್ರೆ ಅರ್ಧ ಗಂಟೆ. ಆದರೆ ಸುನಂದಮ್ಮ ಜಗಲಿಯ ಮೇಲೆ ಬಂದು ನಿಂತಿದ್ದರು. ಸಂಘದ ಇನ್ನು ನಾಲ್ಕು ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡು ಪಕ್ಕದಲ್ಲಿದ್ದರು. ಕೆಲಸದವರೆಲ್ಲ ಕಡ್ಡಿಗೆ ಸೊಪ್ಪು ಕಟ್ಟುವುದು ಬಿಟ್ಟು ಸುತ್ತ ನೆರೆದರು. ಎಲ್ಲ ಆಗಲೇ ತೀರ್ಮಾನವಾಗಿತ್ತು. ಮೂಲೆಯಲ್ಲಿ ಬಕೆಟ್ಟು ಇತ್ತು, ಪಕ್ಕದಲ್ಲಿ ಸಗಣಿಯೂ ಇತ್ತು.

“ಸೋಮಮ್ಮ, ಕಲಸು” ಅಂದರು ಸುನಂದಮ್ಮ. “ಎಂಗಸು ಅಂತ ಬುಟ್ರೆ ನಾಳೆ ಎಲ್ರೂ ಕುಡ್ಕಂಡ್ ಬತ್ತಾರೆ.”

ಮುತ್ತಿ ನೆಲದ ಮೇಲೆ ಮುದುಡಿಕೊಂಡು ಬಿದ್ದಿದ್ದಳು. ಮತ್ತೆ ವಾಂತಿ. ಈಗ ನೀರೂ ಬರುತ್ತಿರಲಿಲ್ಲ, ಬರೀ ಓಕರಿಕೆಯ ಸದ್ದು. ಇವಳು ಕುಡಿದಿಲ್ಲ, ಸೊಪ್ಪಿನ ನಂಜು ಹತ್ತಿದೆ, ಮೊದಲು ಆಸ್ಪತ್ರೆ ಆಗಬೇಕು ಅಂದೆ. ಸುನಂದಮ್ಮ ತಲೆ ಆಡಿಸಿದರು. ನಮಗಿಂತ ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದ ಶಿವಕುಮಾರ ಕಣ್ಣಾರೆ ನೋಡಿದ್ದಾನಂತೆ. ನಾತ ಇಲ್ಲಿಗೇ ಹೊಡೆಯುತ್ತಿದೆಯಂತೆ. ಪಕ್ಕದವಳು ಹೌದಕ್ಕಾ, ಗಬ್ಬುನಾತ ಅಂದಳು. ಇನ್ನೊಬ್ಬಳೂ ಹೌದು ಅಂದಳು. ಜಗಲಿಯಿಂದ ಮುತ್ತಿ ಬಿದ್ದ ಜಾಗಕ್ಕೆ ಎತ್ತಿನ ಗಾಡಿ ಸುಲಭವಾಗಿ ತಿರುಗುವಷ್ಟು ದೂರವಿತ್ತು. ಅಲ್ಲಿಗೆ ಬರುತ್ತಿದ್ದದ್ದು ಬ್ಯಾರನ್ನಿನ ನಾತ ಒಂದೇ.

ನನಗೆ ಆಗ ತಲೆಯೊಳಗೆ ಏನೋ ತಿರುಗಿತು. ಈ ಬಕೆಟ್ಟಿನ ನೀರು ಯಾರ ಯಾರ ತಲೆ ಮೇಲೆ ಬಿದ್ದಿದೆ ಅಂತ ಒಂದೊಂದಾಗಿ ನೆನೆಸಿಕೊಂಡೆ. ಕೇರಿಯ ಚಿಕ್ಕಬೀರಯ್ಯ. ಅವನ ಮಗ. ಹಾಡಿಯ ಇಬ್ಬರು. ಕಂಪಲಾಪುರದ ಕಡೆಯಿಂದ ಕೂಲಿಗೆ ಬಂದಿದ್ದ ಒಬ್ಬ ಮುದುಕ. ಅವರು ಕುಡಿದದ್ದು ನಿಜ. ತಪ್ಪು ಅಂತ ನಾನು ಇವತ್ತೂ ಅನ್ನುತ್ತೇನೆ. ಆದರೆ ಊರೊಳಗಿನ ತಲೆ ಅದರಲ್ಲಿ ಒಂದೂ ಇರಲಿಲ್ಲ. ಶಿವಕುಮಾರ ವಾರಕ್ಕೆ ಮೂರು ದಿನ ಹುಣಸೂರಿನ ಬಾರಿನಿಂದ ಜೀಪಿನಲ್ಲಿ ಹೊರಳಿಕೊಂಡು ಬರುತ್ತಾನೆ. ಅವನಿಗೆ ಇದೇ ಸುನಂದಮ್ಮ ನಿಂಬೆಹಣ್ಣು ಹಿಂಡಿ ಮಜ್ಜಿಗೆ ಕೊಡುತ್ತಾರೆ. ಅದು ಮನೆ ವಿಚಾರ. ಮುತ್ತಿಯದು ಊರ ವಿಚಾರ.

ಇನ್ನೂ ಒಂದು ಹೊಳೆಯಿತು. ಹುಯ್ಯುವ ಕೆಲಸ ನನಗೇ ಯಾಕೆ ಕೊಟ್ಟರು? ನನ್ನ ನಿಯತ್ತಿಗಲ್ಲ. ಹಾಡಿಯವರ, ಕೇರಿಯವರ ಮೈ ಮುಟ್ಟುವಷ್ಟು ಹತ್ತಿರ ಹೋಗಲು ಅವರಲ್ಲಿ ಯಾರಿಗೂ ಆಗುವುದಿಲ್ಲ. ಸಗಣಿ ಕಲಸುವವಳು ಕೇರಿಯವಳೇ ಆಗಬೇಕು. ನನ್ನ ಗಂಡ ಕುಡಿದು ಸತ್ತ ಸಂಕಟವನ್ನು ಹಿಡಿದುಕೊಂಡು ನನ್ನಿಂದ ಅವರ ಜಾತಿಯ ಚಾಕರಿ ಮಾಡಿಸಿದ್ದರು. ಮೇಲೊಂದು ಶಾಲು.

ಸಗಣಿ ಮುಟ್ಟಲಿಲ್ಲ ನಾನು.

“ಸುನಂದಕ್ಕ” ಅಂದೆ. ಅಂಗಳದಲ್ಲಿ ನಿಂತು, ಕೆಲಸದವರ ಮುಂದೆ, ಅವ್ವೋರೆ ಅನ್ನದೆ. ಸುತ್ತ ನೆರೆದಿದ್ದವರು ನನ್ನ ಕಡೆ ತಿರುಗಿದರು. “ಇವ್ಳ ಬಾಯಿ ಮೂಸ್ದೋರು ಯಾರು? ನಾನು ಮೂಸಿವ್ನಿ. ಎಂಡ ಇಲ್ಲ. ನನ್ ಮಾತು ಬ್ಯಾಡ. ನೀವೇ ಇಳ್ದು ಬನ್ನಿ. ಬಾಯಿ ತಾವ ಮೂಗಿಟ್ಟು ಮೂಸಿ. ಎಂಡದ ನಾತ ಇದ್ರೆ ಈಗ್ಲೇ, ಇಲ್ಲೇ, ನಾನೇ ತುಂಬಿದ್ ಬಕೆಟ್ಟು ಉಯ್ತೀನಿ.”

ನಾನು ಸುಮ್ಮನೆ ಹೇಳಲಿಲ್ಲ. ನಾತ ಇದ್ದಿದ್ದರೆ ಹುಯ್ಯುತ್ತಿದ್ದೆನೇನೋ. ನನ್ನ ಮೂಗೇ ತಪ್ಪಿರಬಹುದು, ನನ್ನ ಸಿಟ್ಟಿಗೇ ಕಣ್ಣು ಕಟ್ಟಿರಬಹುದು, ಇನ್ನೊಂದು ಮೂಗು ನೋಡಲಿ ಅಂತಲೇ ಕೇಳಿದೆ. ಸುನಂದಮ್ಮ ಮೆಟ್ಟಿಲಿನ ಕಡೆ ನೋಡಿದರು, ಮುತ್ತಿಯ ಕಡೆ ನೋಡಿದರು. ವಾಂತಿಯಲ್ಲಿ ನೆನೆದ ಸೀರೆ, ಕೆದರಿದ ಕೂದಲು, ಸೊಪ್ಪಿನ ಅಂಟು ಹತ್ತಿದ ಕರ್ರಗಿನ ಕೈ. ಅವರ ಮುಖ ಹಿಂಡಿಕೊಂಡಿತು. ತಾನು ಪೂಜೆ ಮುಗಿಸಿ ಬಂದಿದ್ದೇನೆ ಅಂದರು. ಪಕ್ಕದವಳನ್ನು ಕರೆದೆ. ಅವಳಿಗೆ ಮನೆಯಲ್ಲಿ ಒಲೆ ಮೇಲೆ ಹಾಲಿತ್ತು. ಇನ್ನೊಬ್ಬಳಿಗೆ ವ್ರತ. ಮತ್ತೊಬ್ಬಳು ಕಂಬದ ಹಿಂದೆ ಸರಿದಳು. ಇಲ್ಲಿಂದಲೇ ಗೊತ್ತಾಗುತ್ತದೆ, ಮೂಸುವುದೇನು ಬಂತು ಅಂದಳು ಕೊನೆಯವಳು.

ತಲೆ ಮೇಲೆ ಸಗಣಿ ಹುಯ್ಯಿಸಲು ಇವರಿಗೆ ಹೇಸಿಗೆ ಇಲ್ಲ. ಅದಕ್ಕೆ ಮುಂಚೆ ಒಂದು ಸಲ ಹತ್ತಿರ ಬಂದು ನೋಡಲು ಹೇಸಿಗೆ. ಇವರ ನೀತಿ ಎಲ್ಲ ಜಗಲಿಯ ಮೇಲೆಯೇ ನಿಂತು ಮಾಡುವ ನೀತಿ.

ಅಷ್ಟರಲ್ಲಿ ಕಂಠಪ್ಪನವರು ಒಳಗಿನಿಂದ ಬಂದರು. ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ನಗು. ಅವರು ಯಾವತ್ತೂ ದನಿ ಏರಿಸುವುದಿಲ್ಲ. ಪೇಪರು ಓದುತ್ತಾರೆ, ಭಾಷಣ ಕೇಳುತ್ತಾರೆ, ನನಗೆ ಜಾತಿಗೀತಿ ಇಲ್ಲ ಅನ್ನುತ್ತಾರೆ. ಊರಿನಲ್ಲಿ ಜಗಳವಾದರೆ ಅವರದೇ ನ್ಯಾಯ. ಜಗಲಿಯ ತುದಿಯಲ್ಲಿ ಕೂತು ನನಗೆ ಸಮಾಧಾನ ಹೇಳಿದರು.

“ನೋಡು ಸೋಮಮ್ಮ, ಒಂದೇ ಕಡೆ ಇಡ್ಕಂಡು ಆಡಬಾರ್ದು. ಮನಸ್ಸು ಒಸಿ ದೊಡ್ಡದು ಮಾಡ್ಕ. ಎಲ್ಡೂ ಕಡೆ ನೋಡ್ಬೇಕು. ಅವ್ಳು ಕುಡ್ದಿಲ್ಲ ಅಂತೀಯ, ಇವ್ರು ಕುಡ್ದವ್ಳೆ ಅಂತಾರೆ. ಇಬ್ರದ್ದೂ ಬ್ಯಾಡ. ತಲೆ ಮ್ಯಾಕೆ ಬ್ಯಾಡ, ಅರ್ಧ ಬಕೆಟ್ಟು ಕಾಲಿಗೆ ಉಯ್ಯಿ. ಸಂಘದ ಮಾತೂ ಉಳೀತದೆ, ನಿನ್ ಮಾತೂ ಉಳೀತದೆ.”

ನಾನು ಅವರ ಮುಖವನ್ನೇ ನೋಡಿದೆ. ಎಂಥ ನುಣ್ಣನೆಯ ಮನುಷ್ಯ. ಒಬ್ಬಳು ಸಾಯುತ್ತಿದ್ದಾಳೆ, ಈತ ಸಗಣಿ ನೀರನ್ನು ಅಳೆಯುತ್ತಿದ್ದಾನೆ. ಎರಡೂ ಕಡೆ ನೋಡುವುದಾದರೆ ಮೊದಲು ಎದ್ದು ಬಂದು ಈ ಕಡೆಯನ್ನು ನೋಡಬೇಕು. ಇವರು ನೋಡಿದ್ದು ಯಾವ ಕಡೆಯನ್ನೂ ಅಲ್ಲ. ಕುಡಿದಳು ಅಂತ ಆದರೆ ಅವರು ಜೀಪು ತೆಗೆಯಬೇಕಿಲ್ಲ. ಆಸ್ಪತ್ರೆಯಲ್ಲಿ ಯಾರ ಹೊಲ ಅಂತ ಕೇಳಿಸಿಕೊಳ್ಳಬೇಕಿಲ್ಲ. ಅಟ್ಟದ ಮೇಲಿನ ಕೈಗವಸನ್ನು ಯಾರೂ ಕೇಳುವುದಿಲ್ಲ. ನಿಜ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಡುವೆ ನಿಂತಿದ್ದರು.

ಅರ್ಧ ಬಕೆಟ್ಟೂ ಇಲ್ಲ, ಕಾಲು ಬಕೆಟ್ಟೂ ಇಲ್ಲ, ಹನಿ ಕೂಡ ಹುಯ್ಯುವುದಿಲ್ಲ ಅಂದೆ. ಕುಡಿದವರಿಗೇ ಶಿಕ್ಷೆ ಅನ್ನುವುದಾದರೆ ಜಗಲಿ ಮೇಲೆ ಕೂತಿರುವ ನಿಮ್ಮ ತಮ್ಮನಿಂದ ಶುರು ಮಾಡಿ, ಅವರ ಬಾಯಿಯನ್ನು ಎಲ್ಲರೂ ಹತ್ತಿರದಿಂದಲೇ ಮೂಸಿದ್ದೀರಿ ಅಂದೆ. ಶಿವಕುಮಾರ ಎದ್ದ. ಏನ್ ಮಾತಾಡ್ತೀಯಲೇ ಅಂತ ಕೈ ಎತ್ತಿಕೊಂಡು ಮೆಟ್ಟಿಲು ಇಳಿದ. ಕಂಠಪ್ಪನವರ ಮುಖದಲ್ಲಿ ನಗು ಇನ್ನೂ ಇತ್ತು, ಮಾತು ಬೇರೆಯಾಗಿತ್ತು. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಬೇರೆ ಯಾರ ಹೊಲಕ್ಕೂ ಹೋಗುವ ಹಾಗಿಲ್ಲ ಅನ್ನುವುದು ಅದರಲ್ಲೇ ಸೇರಿತ್ತು.

ಆಗ ಮುತ್ತಿ ಎದ್ದಳು.

ಹೇಗೆ ಎದ್ದಳೋ ನಾನು ಕಾಣೆ. ಎರಡೂ ಕೈ ನೆಲಕ್ಕೆ ಊರಿ ಮೊದಲು ಮಂಡಿಯ ಮೇಲೆ ಕೂತಳು. ನಾನು ಹಿಡಿಯಲು ಹೋದೆ, ಕೈ ಕೊಡವಿದಳು. ತೂರಾಡಿಕೊಂಡೇ ಜಗಲಿಯ ಕಡೆ ನಡೆದಳು. ಬಾಯಿ ತೆರೆದುಕೊಂಡಿದ್ದಳು. ಶಿವಕುಮಾರನ ಎದುರಿಗೆ ಬಂದು ಅವನ ಮುಖಕ್ಕೆ ಹಾ ಅಂತ ಉಸಿರು ಬಿಟ್ಟಳು. ಅವನು ಥೂ ಅಂತ ಪಕ್ಕಕ್ಕೆ ಹಾರಿದ. ಮುತ್ತಿ ಮೆಟ್ಟಿಲು ಹತ್ತಿದಳು. ಹಾಡಿಯ ಹೆಂಗಸು ಆ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಕಂಬದ ಹತ್ತಿರ ಇದ್ದವಳ ಮುಖಕ್ಕೆ ಹಾ ಅಂದಳು. ಅವಳು ಕಿರುಚಿ ಕೆಳಗೆ ಧುಮುಕಿದಳು. ಮಿಕ್ಕವರು ಒಬ್ಬರ ಮೇಲೊಬ್ಬರು ಬಿದ್ದು ಜಗಲಿಯಿಂದ ಇಳಿದರು. ಕಂಠಪ್ಪನವರು ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಎದ್ದು ಗೋಡೆಗೆ ಅಂಟಿದರು. ಎರಡೂ ಕಡೆ ನೋಡುವ ಮನುಷ್ಯ ಕಣ್ಣು ಮುಚ್ಚಿಕೊಂಡಿದ್ದರು.

ಉಳಿದವರು ಸುನಂದಮ್ಮ. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು. ಮುತ್ತಿ ಮುಂದೆ ಹೋದಳು.

“ಮೂಸವ್ವ” ಅಂದಳು ಮುತ್ತಿ. ದನಿಯೇ ಇರಲಿಲ್ಲ ಅವಳಲ್ಲಿ. “ಮೂಸ್ಬುಟ್ಟು ಆಮ್ಯಾಕೆ ಉಯ್ಸು.”

ಸುನಂದಮ್ಮ ಹೊಸಿಲು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಅಂಗಳಕ್ಕೆಲ್ಲ ಕೇಳಿತು. ಮುತ್ತಿ ಬಾಗಿಲಿಗೆ ಹಣೆ ಕೊಟ್ಟು ನಿಂತಳು. ಅಲ್ಲೇ, ಹೊಸಿಲಿನ ಅರಿಸಿನ ಕುಂಕುಮದ ಮೇಲೆ, ಮತ್ತೆ ವಾಂತಿ ಮಾಡಿದಳು. ಬಕೆಟ್ಟು ಮೂಲೆಯಲ್ಲಿ ಒಣಗಿಕೊಂಡೇ ಇತ್ತು.

ನಾನು ಹೋಗಿ ಅವಳ ತೋಳಿನ ಕೆಳಗೆ ಹೆಗಲು ಕೊಟ್ಟೆ. ಜೀಪು ಕೇಳಿದೆ. ಕೊಡಲಿಲ್ಲ. ಕೀಲಿ ಸಿಗುತ್ತಿಲ್ಲವಂತೆ. ಕೆಲಸದವರು ದಾರಿ ಬಿಟ್ಟರು, ಜೊತೆಗೆ ಯಾರೂ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬಂತು. ಅವರಿಗೂ ನಾಳೆ ಕೂಲಿ ಬೇಕು, ಅದೂ ನನಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ.

ಡಾಂಬರು ರಸ್ತೆಗೆ ಬಹಳ ದೂರವೇನಿಲ್ಲ. ಅವಳಿಗೆ ಪ್ರತಿ ಹೆಜ್ಜೆಯೂ ದೂರವಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೂರಿಸಿದೆ. ತಲೆಗೆ ನೀರು ತಟ್ಟಿದೆ. ಸೊಪ್ಪಿನ ರಸ ಕುಡಿದಿದ್ದ ಅವಳ ರವಿಕೆಯನ್ನು ಪೊದೆಯ ಮರೆಯಲ್ಲಿ ಬಿಚ್ಚಿಸಿ ನನ್ನ ಸೆರಗಿನಿಂದ ಮೈ ಒರೆಸಿದೆ. ಒರೆಸಿದ ಸೆರಗು ಹಸಿರಾಯಿತು. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ಸುನಂದಮ್ಮನನ್ನು, ಕಂಠಪ್ಪನನ್ನು, ಆ ಕುಡುಕ ಶಿವಕುಮಾರನನ್ನು. ಮುಖ ನೋಡಿದರೇ ತಿಳಿಯುತ್ತದೆ, ಇವಳು ಜನ್ಮದಲ್ಲಿ ಹೆಂಡ ಮುಟ್ಟಿದವಳಲ್ಲ, ಇಂಥವಳ ಮೇಲೆ ಅಪವಾದ ಹೊರಿಸಿದರಲ್ಲ ಅಂದೆ.

“ಕುಡ್ದಿದ್ದೆ ಕಣಕ್ಕ” ಅಂದಳು ಮುತ್ತಿ.

ನಾನು ನಿಂತೆ.

“ನೆನ್ನೆ ಸಂಜೆ. ನಮ್ಮತ್ತೆ ಒಂದ್ ಲೋಟ ಕೊಟ್ಲು. ನಡ ನೋಯ್ತಿತ್ತು. ಇವತ್ತು ಕುಡ್ದಿಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡಳು. “ನೀ ಕೇಳ್ನಿಲ್ಲ, ಅದ್ಕೆ ಯೋಳ್ನಿಲ್ಲ. ಬುಟ್ಟೋಗದಾದ್ರೆ ಓಗು.”

ನನ್ನ ತೋಳು ತಾನಾಗಿಯೇ ಸಡಿಲವಾಯಿತು. ಅವಳು ರಸ್ತೆ ಬದಿಯಲ್ಲಿ ಕುಸಿದು ಕೂತಳು. ಲಿಂಗಯ್ಯನೂ ನಡ ನೋವು ಅನ್ನುತ್ತಿದ್ದ. ಅವನೂ ಒಂದೇ ಲೋಟ ಅನ್ನುತ್ತಿದ್ದ. ನನ್ನ ಮೈಯೆಲ್ಲ ಉರಿಯಿತು. ಇವಳಿಗೋಸ್ಕರ ನಾನು ಕೆಲಸ ಕಳೆದುಕೊಂಡೆನೇ, ಇವಳಿಗೋಸ್ಕರ ಅಷ್ಟು ಜನರ ಮುಂದೆ ಗಂಟಲು ಹರಿದುಕೊಂಡೆನೇ ಅನ್ನಿಸಿತು. ಹೌದು, ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಅವಳನ್ನು ನೋಡಿದೆ. ಮೂಗಿನ ತುದಿ ಬಿಳಿಚಿಕೊಂಡಿತ್ತು. ಬೆರಳುಗಳು ನಡುಗುತ್ತಿದ್ದವು. ನಿನ್ನೆ ಸಂಜೆಯ ಒಂದು ಲೋಟ ಈ ಹೊತ್ತಿನಲ್ಲಿ ಕರುಳು ಕೀಳುವುದಿಲ್ಲ. ಇದನ್ನು ಮಾಡಿದ್ದು ಹಸಿ ಸೊಪ್ಪು. ಒಂದು ವೇಳೆ ಬೆಳಿಗ್ಗೆಯೇ ಕುಡಿದಿದ್ದಳು ಅಂತಿಟ್ಟುಕೊಳ್ಳೋಣ. ಆಗ ಆಸ್ಪತ್ರೆ ಬೇಡವೇ ಇವಳಿಗೆ? ಹೊಸಿಲಿಗೆ ಅರಿಸಿನ ಹಚ್ಚಿದ ಹಾಗೆ ಇವಳು ಚೊಕ್ಕಟವಾಗಿದ್ದರೆ ಮಾತ್ರ ಹೆಗಲು ಕೊಡುತ್ತೇನೆ ಅನ್ನುವುದಾದರೆ ನಾನು ಇಳಿದು ಬಂದದ್ದು ಯಾವ ಜಗಲಿಯಿಂದ? ಜನ್ಮದಲ್ಲಿ ಮುಟ್ಟಿದವಳಲ್ಲ ಅಂತ ಕೇಳದೆಯೇ ತೀರ್ಪು ಕೊಟ್ಟವಳು ನಾನು. ಕುಡಿದಳು ಅಂತ ಕೇಳದೆಯೇ ತೀರ್ಪು ಕೊಟ್ಟವರು ಅವರು.

ಕುಡಿತ ನನಗೆ ಈಗಲೂ ಹೇಸಿಗೆ. ಹುಷಾರಾದ ಮೇಲೆ ನಿನಗೆ ಉಗಿಯುತ್ತೇನೆ, ನಿಮ್ಮತ್ತೆಗೂ ಉಗಿಯುತ್ತೇನೆ ಅಂದೆ. ಮುತ್ತಿ ಹೂಂ ಅಂದಳು. ಕಂಕುಳಿಗೆ ಕೈ ಹಾಕಿ ಅವಳನ್ನು ಮತ್ತೆ ಎತ್ತಿದೆ.

ಕಾಡಿನ ಕಡೆಯಿಂದ ಹುಣಸೂರಿನ ಬಸ್ಸು ಬಂತು. ಕೈ ಅಡ್ಡ ಹಾಕಿದೆ. ಕಂಡಕ್ಟರು ಬಾಗಿಲಲ್ಲೇ ನಿಂತು ಮುತ್ತಿಯನ್ನು ಮೇಲಿನಿಂದ ಕೆಳಗೆ ನೋಡಿದ. ಒಳಗಿದ್ದವರು ಕಿಟಕಿಯಿಂದ ಮುಖ ತಿರುಗಿಸಿಕೊಂಡರು. ಕುಡಿದಿದ್ದಾಳಾ, ಕುಡಿದವರನ್ನು ಹತ್ತಿಸುವುದಿಲ್ಲ ಅಂದ. ಇಲ್ಲ ಅಂದುಬಿಟ್ಟಿದ್ದರೆ ಸುಲಭವಿತ್ತು. ನಾಲಿಗೆಯ ತುದಿಗೂ ಬಂತು. ಆಸ್ಪತ್ರೆಗೆ ಹೋಗಲು ಇವಳು ಯಾಕೆ ದೇವತೆಯಾಗಬೇಕು ಅನ್ನಿಸಿತು.

ಮುತ್ತಿಯನ್ನು ಮೊದಲ ಮೆಟ್ಟಿಲಿಗೆ ಏರಿಸಿದೆ. ಅವಳ ಹಿಂದೆ ನಾನೂ ಕಾಲಿಟ್ಟೆ.

“ನೆನ್ನೆ ಸಂಜೆ ಕುಡ್ದಿದ್ಲು. ಇವತ್ತು ಹಸಿ ಸೊಪ್ಪು ಮುರ್ದು ಸಾಯ್ತಾವ್ಳೆ. ಎಲ್ಡೂ ದಿಟ. ದಾರಿ ಬುಡಿ, ಹುಣಸೂರ್ಗೆ ಎಲ್ಡು ಟಿಕೆಟ್ ಕೊಡಿ.”